ಹೊಸತೊಡಕಿನ ತುತ್ತು

ನಮ್ಮತ್ತೆ ಅಶ್ವತ್ಥಮ್ಮನವರ ಕೈ ಸುಮ್ಮನಿರುವ ಕೈಯಲ್ಲ. ಯಾರಿಗಾದರೂ ಹಸಿವಾಗಿದೆ ಎಂಬ ಅನುಮಾನ ಬಂದರೂ ಸಾಕು, ತಟ್ಟೆ ಬಂದು ಮುಂದೆ ಕೂರುತ್ತದೆ. ಬಾಗಿಲಿಗೆ ಬಂದ ನಾಯಿ, ಮೀಟರ್ ನೋಡಲು ಬಂದ ಕರೆಂಟಿನವನು, ಹುಳುಮನೆಯ ರೇಷ್ಮೆಹುಳು, ಯಾರನ್ನೂ ಅವರು ಬರಿಹೊಟ್ಟೆಯಲ್ಲಿ ಬಿಟ್ಟವರಲ್ಲ. ಕೆಂಚಾರ್ಲಹಳ್ಳಿಗೆ ನಾನು ಸೊಸೆಯಾಗಿ ಬಂದ ಮೊದಲ ವರ್ಷವೇ ನನ್ನ ಮದುವೆಯ ರವಿಕೆಗಳೆಲ್ಲ ಬಿಗಿಯಾಗಿದ್ದವು. ಅಂಥ ಕೈಗೆ ನನ್ನ ಮಗಳು ಯಾಮಿನಿ ಸಿಕ್ಕಳು.

ಯಾಮಿನಿಗೆ ಒಂಬತ್ತು ವರ್ಷ. ಹುಟ್ಟುವಾಗ ಉಸಿರು ತಡವಾಗಿ ಬಂತು, ಸೆರೆಬ್ರಲ್ ಪಾಲ್ಸಿ ಆಯಿತು. ತಲೆ ಹೇಳಿದ್ದು ಕೈಕಾಲಿಗೆ ಸರಿಯಾಗಿ ಮುಟ್ಟುವುದಿಲ್ಲ. ಕಾಲುಗಳು ಕತ್ತರಿಯ ಹಾಗೆ ಒಂದರ ಮೇಲೊಂದು ಹೋಗುತ್ತವೆ. ಬಲಗೈ ಮುಷ್ಟಿ ಕಟ್ಟಿಕೊಂಡು ಎದೆಗೆ ಅಂಟಿರುತ್ತದೆ. ಎಡಗೈ ಗಾಳಿಯಲ್ಲಿ ಒಂದಿಷ್ಟು ಸುತ್ತಾಡಿದರೂ ಕೊನೆಗೆ ಅವಳ ಮಾತು ಕೇಳುತ್ತದೆ. ಮಾತು ನಾಲಿಗೆಯಲ್ಲಿ ತೊಡರುವುದರಿಂದ ಹೊರಗಿನವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕು. ನಮಗೆ ಬೇಕಾದ್ದಕ್ಕಿಂತ ಹೆಚ್ಚೇ ಅರ್ಥವಾಗುತ್ತದೆ, ಯಾಕೆಂದರೆ ಬಾಯಿ ಮಾತ್ರ ಥೇಟ್ ಅವಳಜ್ಜಿಯದು.

ನನಗೆ ಪಂಚಾಯಿತಿ ಆಫೀಸಿನಲ್ಲಿ ಕಂಪ್ಯೂಟರ್ ಕೆಲಸ. ನನ್ನ ಗಂಡ ಮೋಹನ್‌ಬಾಬು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ರೀಲಿಂಗ್ ಯೂನಿಟ್ಟಿನಲ್ಲಿ ಸೂಪರ್‌ವೈಸರ್. ಬೆಳಿಗ್ಗೆ ನಾವಿಬ್ಬರೂ ಹೊರಟರೆ ಯಾಮಿನಿಯ ಹೊಟ್ಟೆ ಅತ್ತೆಯ ಪಾಲಿಗೆ. ಮಧ್ಯಾಹ್ನ ಶಾಲೆಯಲ್ಲಿ ಬಿಸಿಯೂಟದ ಬೆಲ್ ಹೊಡೆಯುತ್ತಿದ್ದಂತೆ ಅತ್ತೆ ಹೋಗಿ ಅವಳ ಗಾಲಿಕುರ್ಚಿಯನ್ನು ಮನೆಗೆ ತಳ್ಳಿಕೊಂಡು ಬರುತ್ತಿದ್ದರು. ಒಂದೊಂದು ತುತ್ತಿಗೂ "ಬಾಯಿ ತೆಗಿಯೇ ನನ್ ತಲ್ಲಿ" ಎಂದು ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಮುದ್ದು ಮಾಡುತ್ತಿದ್ದರು. ತಲ್ಲಿ ಅಂದರೆ ತಾಯಿ. ತಾಯಿಯಾದ ನನಗೆ ಅದನ್ನು ಕೇಳಿ ಎಷ್ಟೋ ಸಲ ಹೊಟ್ಟೆ ಉರಿದಿದೆ. ನನ್ನ ಕೈಯಲ್ಲಿ ಅರ್ಧ ತಟ್ಟೆಗೇ ಮುಖ ತಿರುಗಿಸುವ ಹುಡುಗಿ ಅತ್ತೆಯ ಕೈಯಲ್ಲಿ ತಟ್ಟೆ ಒರೆಸಿ ತಿನ್ನುತ್ತಿದ್ದಳು.

ಒಂದು ದಿನ ಅದೇ ಹುಡುಗಿ ಹೇಳಿದಳು, "ಅಮ್ಮಾ, ಅಜ್ಜಿ ಸ್ಕೂಲ್‌ಗೆ ಬರೋದು ಬೇಡ. ನಾನು ಲೈನಲ್ಲಿ ಕೂತ್ಕೊಂಡು ಊಟ ಮಾಡ್ತೀನಿ."

"ಯಾರು ತಿನ್ನಿಸ್ತಾರೆ?" ಅಂದೆ.

"ನಾನೇ."

ಆ 'ನಾನೇ' ಹಿಡಿದುಕೊಂಡು ನಾನು ಯಾಮಿನಿಯನ್ನೂ ಅತ್ತೆಯನ್ನೂ ಕರೆದುಕೊಂಡು ಚಿಂತಾಮಣಿಯ ಥೆರಪಿ ಸೆಂಟರಿನ ತನುಜ ಮೇಡಂ ಹತ್ತಿರ ಹೋದೆ. ಅವರು ಮೊದಲು ಊಟದ ಮಾತೇ ಆಡಲಿಲ್ಲ, ಕೂರುವುದರ ಮಾತಾಡಿದರು. ಅತ್ತೆ ಅವಳನ್ನು ತೊಡೆಯ ಮೇಲೆ ಮಲಗಿಸಿ, ತಲೆ ಹಿಂದಕ್ಕೆ ಬಾಗಿಸಿ ತಿನ್ನಿಸುತ್ತಿದ್ದರು. ಹಾಗೆ ಮಾಡಿದರೆ ಅನ್ನ ಉಸಿರಿನ ದಾರಿಗೆ ಇಳಿಯಬಹುದು, ಊಟದ ಹೊತ್ತಿಗೆ ಅವಳಿಗೆ ಅಷ್ಟು ಕೆಮ್ಮು ಬರುವುದು ಅದಕ್ಕೇ ಎಂದರು. ನೆಲದ ಮೇಲೇ ಇಡುವ, ಬೆನ್ನಿಗೆ ಗೋಡೆಯ ಮೂಲೆಯಂತೆ ಎರಡು ಹಲಗೆ ಇರುವ ಒಂದು ಮರದ ಸೀಟು ಮಾಡಿಸಿಕೊಟ್ಟರು. ಮುಂದೆ ಒಂದು ಗಿಡ್ಡ ಡೆಸ್ಕು, ಮೊಣಕೈ ಊರಲಿಕ್ಕೆ. ಅಂಚು ಎತ್ತರವಾದ ತಟ್ಟೆ, ಜಾರದ ಹಾಗೆ ಅಡಿಯಲ್ಲಿ ರಬ್ಬರು. ಎಲ್ಲಕ್ಕಿಂತ ಮುಖ್ಯವಾದದ್ದು ಒಂದು ಚಮಚ. ಹಿಡಿ ಸೈಕಲ್ಲಿನ ಹ್ಯಾಂಡಲ್ ಗ್ರಿಪ್ಪಿನಷ್ಟು ದಪ್ಪ, ಅದಕ್ಕೊಂದು ಬೆಲ್ಟು, ಕೈ ಬಿಟ್ಟರೂ ಚಮಚ ಬೀಳುವುದಿಲ್ಲ. ಚಮಚದ ಕತ್ತನ್ನು ಒಂದು ಪಕ್ಕಕ್ಕೆ ಬಗ್ಗಿಸಿದ್ದರು. ಯಾಮಿನಿಗೆ ಮಣಿಕಟ್ಟು ತಿರುಗಿಸಲು ಬರುವುದಿಲ್ಲವಲ್ಲ, ಆ ತಿರುವನ್ನು ಅವಳ ಬದಲು ಚಮಚವೇ ತಿರುಗಿಕೊಂಡಿತ್ತು. ಎಡಗೈಗೆ ಕಟ್ಟಿ ಮೊಣಕೈ ಊರಿ ಕೈ ಎತ್ತಿದರೆ ಚಮಚ ನೇರವಾಗಿ ಬಾಯಿಗೇ ಬರುತ್ತಿತ್ತು. ಅಲ್ಲೇ ಸೆಂಟರಿನಲ್ಲಿ ಯಾಮಿನಿ ಮೂರು ಚಮಚ ಉಪ್ಪಿಟ್ಟು ತಿಂದಳು. ಇನ್ನೊಂದಿಷ್ಟು ಮೂಗಿಗೂ ಹೋಯಿತು. ನಾನು ಕಣ್ಣೊರೆಸಿಕೊಂಡೆ. ಅತ್ತೆ ಮಾತ್ರ ಆ ಎಡಗೈಯನ್ನೇ ನೋಡುತ್ತಿದ್ದರು, ಆಗ ನನಗೆ ಅದರ ಅರ್ಥ ಹೊಳೆಯಲಿಲ್ಲ.

ಮಧ್ಯಾಹ್ನದ ಅಭ್ಯಾಸ ಅತ್ತೆಯ ಜವಾಬ್ದಾರಿ ಎಂದಾಯಿತು. ರಾತ್ರಿ ಮಗು ದಣಿದಿರುತ್ತೆ, ನಾನೇ ತಿನ್ನಿಸ್ತೀನಿ ಬಿಡು ಎಂದು ಅದನ್ನೂ ಅವರೇ ಇಟ್ಟುಕೊಂಡರು. ನಾನು ಸಂಜೆ ಬಂದು ನೋಡಿದರೆ ದಿನಾ ಯಾಮಿನಿಯ ಫ್ರಾಕಿನ ತುಂಬ ಸಾಂಬಾರು. "ಹೆಂಗಾಯ್ತು?" ಎಂದರೆ ಅತ್ತೆ "ಕಲೀತಾಳೆ ಬಿಡಮ್ಮ, ಆತುರ ಯಾಕೆ" ಅನ್ನುವರು. ಯಾಮಿನಿ ಏನೂ ಅನ್ನದೆ ಗೋಡೆ ನೋಡುವಳು. ಆ ಬಾಯಿ ಸುಮ್ಮನಾದದ್ದು ನನಗೆ ಹೆದರಿಕೆ ಹುಟ್ಟಿಸಿತು.

ಮತ್ತೆ ಚಿಂತಾಮಣಿಗೆ ಹೋದಾಗ ನನ್ನ ಸಿಟ್ಟೆಲ್ಲ ತನುಜ ಮೇಡಂ ಮೇಲೆ ಹೋಯಿತು. "ಮೇಡಂ, ನಿಮ್ಮ ಚಮಚ ಕೆಲಸಕ್ಕೆ ಬರ್ತಿಲ್ಲ. ಮಗು ಇದ್ದ ಧೈರ್ಯಾನೂ ಕಳ್ಕೊಂಡವಳೆ" ಎಂದೆ.

ಅವರು ಚಮಚವನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿದರು. "ನಾನು ಕೊಟ್ಟಿದ್ದು ಹೀಗಿರಲಿಲ್ಲ. ಇದನ್ನ ಬಲಗೈಗೆ ಬಗ್ಗಿಸಿದಾರೆ. ಯಾರು?"

ನಾನು ಅತ್ತೆಯ ಕಡೆ ನೋಡಿದೆ. ಅತ್ತೆ ಜೀವಮಾನದಲ್ಲಿ ಫ್ಯಾನೇ ಕಂಡಿಲ್ಲದವರಂತೆ ಮೇಲೆ ತಿರುಗುತ್ತಿದ್ದ ಫ್ಯಾನು ನೋಡುತ್ತಿದ್ದರು.

"ಅಜ್ಜಿ. ಬಾಗಿಲ ಸಂದೀಲಿ ಇಟ್ಟು" ಎಂದಳು ಯಾಮಿನಿ. ಅಷ್ಟು ಸ್ಪಷ್ಟವಾಗಿ ಅವಳು ಮಾತಾಡಿದ್ದು ಅದೇ ಮೊದಲು.

ಅತ್ತೆಗೆ ಸಿಕ್ಕಿಬಿದ್ದದ್ದಕ್ಕೆ ನಾಚಿಕೆಯೇನೂ ಇರಲಿಲ್ಲ. "ಬಗ್ಗಿಸಿದೆ, ಅದಕ್ಕೇನೀಗ? ಎಡಗೈಲಿ ಅನ್ನ ತಿನ್ನೋದು ಎಲ್ಲಾದ್ರೂ ಉಂಟಾ ಮೇಡಮ್ಮೋರೆ? ಮೊದಲೇ ಮಗೂನ ಬೀದಿಲಿ ತಳ್ಕೊಂಡು ಹೋದ್ರೆ ಜನ ತಿರುಗಿ ತಿರುಗಿ ನೋಡ್ತಾರೆ. ಅದರ ಮೇಲೆ ಎಡಗೈಲಿ ಉಣ್ತಾಳೆ ಅಂತ ಇನ್ನೊಂದು ಬೇರೆ ಬೇಕಾ? ಅದು ಯಾವ ಕೆಲಸದ ಕೈ ಅಂತ ನಾನು ಬಾಯಿಬಿಟ್ಟು ಹೇಳ್ಬೇಕಾ?"

"ಆ ಕೆಲಸಕ್ಕೆ ಅವಳು ಯಾವ ಕೈನೂ ಬಳಸಲ್ಲ ಅತ್ತೆ. ಅಲ್ಲಿ ಬಳಸ್ತಿರೋದು ನನ್ನ ಕೈ" ಎಂದೆ. ತನುಜ ಮೇಡಂ ನಗು ತಡೆಯಲಾರದೆ ಮುಖ ತಿರುಗಿಸಿದರು.

ಆಮೇಲೆ ಅವರು ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಯಾಮಿನಿಯ ಬಲಗೈಯನ್ನು ಮುಟ್ಟಿ ನೋಡಲು ಹೇಳಿದರು. "ಅಜ್ಜಿ, ಇವಳು ಈ ಕೈನ ಎತ್ತಬೇಕು ಅಂತ ಪ್ರಯತ್ನ ಪಟ್ಟಷ್ಟೂ ಅದು ಬಿಗಿಯಾಗುತ್ತೆ. ಅವಳು ಹಟ ಮಾಡ್ತಿಲ್ಲ, ಸೋಮಾರಿತನಾನೂ ಅಲ್ಲ. ಎಡಗೈ ಅವಳ ಮಾತು ಕೇಳುತ್ತೆ. ಕೇಳೋ ಕೈಗೆ ಕೆಲಸ ಕೊಡೋಣ." ಅತ್ತೆ ಆ ಪುಟ್ಟ ಮುಷ್ಟಿಯನ್ನು ಬಹಳ ಹೊತ್ತು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ಮೇಡಂ ಚಮಚವನ್ನು ಮತ್ತೆ ಎಡಗೈಗೆ ಬಗ್ಗಿಸಿ ಕೊಟ್ಟರು.

ಬಸ್ಸಿನಲ್ಲಿ ನಾನು ಅತ್ತೆಗೆ ಹೇಳಿದೆ, "ಹುಳಕ್ಕೆ ಒಂದೊಂದರ ಬಾಯಿಗೂ ಸೊಪ್ಪು ಇಡ್ತೀರಾ? ಹಾಸಿ ಸುಮ್ನಾಗ್ತೀರಿ, ಅವೇ ತಿಂತವೆ. ಇವಳಿಗೂ ಹಾಸಿ ಸುಮ್ನಿರಿ." ಅತ್ತೆ ಕೋಪಿಸಿಕೊಂಡು ಊರು ಬರುವವರೆಗೂ ಕಿಟಕಿಯಾಚೆ ನೋಡಿದರು. ಆದರೆ ಮಾರನೆಯ ದಿನದಿಂದ ಚಮಚ ಎಡಗೈಯಲ್ಲೇ ಇತ್ತು. ಹಿಂಬಾಗಿಲು ಮುಂಬಾಗಿಲು ಎರಡನ್ನೂ ಹಾಕಿಕೊಂಡು, ಯಾರ ಕಣ್ಣಿಗೂ ಬೀಳದ ಹಾಗೆ ಅಭ್ಯಾಸ ನಡೆಯಿತು. ಕಳ್ಳಭಟ್ಟಿ ಇಳಿಸುವವರೂ ಅಷ್ಟು ಗುಟ್ಟು ಮಾಡುವುದಿಲ್ಲ.

ಅನ್ನ ತಿನ್ನುವುದು ಬಂತು, ಉಪ್ಪಿಟ್ಟೂ ಬಂತು. ಮುದ್ದೆ ಮಾತ್ರ ಚಮಚಕ್ಕೆ ಅಂಟಿಕೊಂಡು ಬಾಯಿಗೆ ಇಳಿಯದೆ ಸತಾಯಿಸಿತು. ಚಮಚವನ್ನು ಮೊದಲು ಸಾರಿನಲ್ಲಿ ಅದ್ದಿ ಆಮೇಲೆ ಮುದ್ದೆಗೆ ಹಾಕಬೇಕೆಂದು ಯಾಮಿನಿಯೇ ಕಂಡುಕೊಂಡಳು. ಮುದ್ದೆ ಕಟ್ಟುವಾಗ ಅಜ್ಜಿ ಕೈ ಒದ್ದೆ ಮಾಡಿಕೊಳ್ಳುವುದನ್ನು ಅವಳು ಹುಟ್ಟಿದಾಗಿನಿಂದ ನೋಡಿದವಳು. ನಾನು ಮುದ್ದೆ ಮೆತ್ತಗೆ ಮಾಡಿ, ಗೋಲಿಯಷ್ಟಷ್ಟೇ ಮುರಿದು ಇಡುತ್ತಿದ್ದೆ.

ಯುಗಾದಿ ಹತ್ತಿರ ಬಂತು. ಯುಗಾದಿಯ ಮಾರನೆಯ ದಿನ ನಮ್ಮ ಕಡೆ ಹೊಸತೊಡಕು, ಮಟನ್ ಸಾರು ಮುದ್ದೆಯ ಊಟ. ಅವತ್ತು ಏನು ಮಾಡುತ್ತೇವೋ ವರ್ಷವೆಲ್ಲ ಅದನ್ನೇ ಮಾಡುತ್ತೇವೆ ಎಂದು ನಂಬಿಕೆ. ಆದ್ದರಿಂದ ಅವತ್ತು ಯಾರೂ ಯಾರನ್ನೂ ಬಯ್ಯಬಾರದು, ಅಳಬಾರದು, ಮುಖ ಗಂಟು ಹಾಕಿಕೊಳ್ಳಬಾರದು. ಬೇರೆ ದಿನ ಗುಡುಗುವ ಮನೆಗಳಲ್ಲೂ ಅವತ್ತು ಬೆಲ್ಲದಂಥ ಮಾತು. ನಮ್ಮ ಮನೆಯಲ್ಲಿ ಇದನ್ನೆಲ್ಲ ಅಕ್ಷರಶಃ ಪಾಲಿಸುವವರು ಅತ್ತೆಯೇ.

"ಅಜ್ಜೀ, ಹೊಸತೊಡಕಿನ ದಿನ ನಂಗೂ ಸಾಲಲ್ಲಿ ಎಲೆ ಹಾಕು" ಎಂದಳು ಯಾಮಿನಿ. ಹಬ್ಬದ ದಿನ ಅವಳಿಗೆ ಯಾವಾಗಲೂ ಒಳಗೆ ಮೊದಲೇ ತಿನ್ನಿಸಿ ಮುಗಿಸುತ್ತಿದ್ದೆವು, ಸಾಲಿನಲ್ಲಿ ಅವಳೊಮ್ಮೆಯೂ ಕೂತಿರಲಿಲ್ಲ. "ಅವತ್ತು ನಾನೇ ತಿಂದ್ರೆ ವರ್ಷ ಎಲ್ಲಾ ನಾನೇ ತಿಂತೀನಿ. ಸ್ಕೂಲಲ್ಲೂ."

ಅತ್ತೆಯದೇ ನಂಬಿಕೆಯನ್ನು ಮೊಮ್ಮಗಳು ಅವರ ಮೇಲೇ ತಿರುಗಿಸಿದ್ದಳು. "ಹಾಕಣ ಬಿಡು ಬಂಗಾರ" ಎಂದರು. ಆದರೆ ಆ ವಾರವೇ ಮಂಡಿಕಲ್‌ನಿಂದ ಅವರ ಅಣ್ಣ ನರಸಿಂಹಪ್ಪ ಈ ಸಲ ಹೊಸತೊಡಕಿಗೆ ನಮ್ಮ ಮನೆಗೇ ಬರುತ್ತೇನೆಂದು ಫೋನ್ ಮಾಡಿದರು. ಅಪ್ಪ ತೀರಿಕೊಂಡ ಮೇಲೆ ಅತ್ತೆಯನ್ನು ಸಾಕಿ ಮದುವೆ ಮಾಡಿದವರು ಅವರು. ಅವರೆದುರಿಗೆ ಅತ್ತೆ ಇವತ್ತಿಗೂ ಗಟ್ಟಿಯಾಗಿ ಸೀನುವವರಲ್ಲ.

ಹೊಸತೊಡಕಿನ ದಿನ ಅದೃಷ್ಟಕ್ಕೆ ಹುಳುಗಳೂ ನಾಲ್ಕನೇ ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಮುಂಚೆ ಸೊಪ್ಪು ಮುಟ್ಟದೆ ತಲೆಯೆತ್ತಿ ಸುಮ್ಮನಿರುವುದಕ್ಕೆ ನಾವು ಜ್ವರ ಅನ್ನುವುದು. ಸೊಪ್ಪಿನ ಕೆಲಸವಿಲ್ಲದ್ದರಿಂದ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂರುವ ಹಾಗಾಯಿತು. ನಡುಮನೆಯಲ್ಲಿ ಸಾಲಾಗಿ ಎಲೆ ಹಾಕಿದೆವು. ಮೊದಲು ನರಸಿಂಹಪ್ಪ ಮಾವ, ಅವರ ಪಕ್ಕ ಮೋಹನ್‌ಬಾಬು, ಆಮೇಲೆ ಅಕ್ಕಪಕ್ಕದ ಮನೆಯ ನೆಂಟರು, ಕೊನೆಯಲ್ಲಿ ಮರದ ಸೀಟಿನಲ್ಲಿ ಯಾಮಿನಿ. ಡೆಸ್ಕಿನ ಮೇಲೆ ಎಲೆ, ಎಲೆಯ ಮೇಲೆ ಅವಳ ಅಂಚಿನ ತಟ್ಟೆ. ಮಾಂಸವನ್ನು ಎಳೆಎಳೆಯಾಗಿ ಬಿಡಿಸಿ ಸಾರಿನಲ್ಲಿ ನೆನೆಸಿದ್ದೆ. ಹೊಸ ಫ್ರಾಕು ತೊಟ್ಟು, ಎಲ್ಲರ ಎಲೆಯನ್ನೂ ಬಗ್ಗಿ ಬಗ್ಗಿ ನೋಡುತ್ತ ಅವಳು ಯಜಮಾನಿಯಂತೆ ಕೂತಿದ್ದಳು.

ಅತ್ತೆ ಬಂದು, ಸೆರಗಿನ ಮರೆಯಿಂದ ಚಮಚ ತೆಗೆದು ಅವಳ ಕೈಗೆ ಬೆಲ್ಟು ಕಟ್ಟಿದರು. ಬಲಗೈಗೆ. ಚಮಚ ಮತ್ತೆ ಬಲಕ್ಕೆ ಬಗ್ಗಿತ್ತು.

ಸಾರು ಬಡಿಸುತ್ತಿದ್ದ ನನ್ನ ಮೈ ಉರಿದು ಹೋಯಿತು. ಬೇರೆ ಯಾವ ದಿನವಾಗಿದ್ದರೂ ಆ ಸೌಟು ಅಲ್ಲೇ ನೆಲಕ್ಕೆ ಕುಕ್ಕಿ ಕೇರಿಗೆಲ್ಲ ಕೇಳುವ ಹಾಗೆ ಬಯ್ಯುತ್ತಿದ್ದೆ. ಹೊಸತೊಡಕು ನನ್ನ ಬಾಯಿ ಹೊಲಿದಿತ್ತು. ಹಲ್ಲು ಕಾಣುವಂತೆ ನಗುತ್ತ, "ಅತ್ತೆ, ಚಮಚ ತುಂಬಾ ಚೆನ್ನಾಗಿ ಕಟ್ಟಿದೀರಿ" ಎಂದೆ.

"ಹೂಂ ಕಣಮ್ಮ, ಒಂದಿನ ಅಲ್ವಾ" ಎಂದು ಅವರೂ ನಗುತ್ತಲೇ ಮೆಲ್ಲಗೆ ಹೇಳಿದರು. ಕಣ್ಣು ಅಣ್ಣನ ಕಡೆಗಿತ್ತು. ಬೇಡುವ ಕಣ್ಣು ಅದು.

ಯಾಮಿನಿ ಪ್ರಯತ್ನಪಟ್ಟಳು. ನಾನು ಮರೆಯಲಾರದ್ದು ಅದು. ಕೈ ಎತ್ತಬೇಕೆಂದು ಅವಳು ಒತ್ತಿದಷ್ಟೂ ಮುಷ್ಟಿ ಬಿಗಿಯಾಯಿತು, ತೋಳು ಎದೆಗೆ ಹೋಯಿತು, ಕಾಲು ಕತ್ತರಿ ಹಾಕಿತು. ಚಮಚ ತಟ್ಟೆಯ ಅಂಚಿಗೆ ಬಡಿದು, ಮುದ್ದೆಯ ಚೂರು ನೆಲಕ್ಕೆ ಹಾರಿ ನೆಂಟರೊಬ್ಬರ ಎಲೆಯ ಪಕ್ಕ ಬಿತ್ತು. ಇಡೀ ಸಾಲು ಉಣ್ಣುವುದನ್ನು ನಿಲ್ಲಿಸಿ ಅವಳನ್ನೇ ನೋಡಿತು.

"ಯಾಕಮ್ಮ ಅಶ್ವತ್ಥೂ, ಹಬ್ಬದ ದಿನ ಮಗೂಗೆ ಕಷ್ಟ ಕೊಡ್ತೀಯ? ನೀನೇ ತಿನ್ನಿಸಿಬಿಡಮ್ಮ" ಎಂದರು ನರಸಿಂಹಪ್ಪ ಮಾವ. ಅಂತಃಕರಣದಿಂದಲೇ ಹೇಳಿದರು.

ಆ ಮಾತಿಗೇ ಕಾದಿದ್ದವರಂತೆ ಅತ್ತೆ ಕೂತುಬಿಟ್ಟರು. ಕೈ ತಾನಾಗಿ ಮುದ್ದೆ ಮುರಿಯಿತು, ಸಾರಿನಲ್ಲಿ ಅದ್ದಿತು, ಮೇಲಕ್ಕೆದ್ದಿತು. "ಬಾಯಿ ತೆಗಿಯೇ ನನ್ ತಲ್ಲಿ."

ಯಾಮಿನಿ ತುಟಿ ಬಿಗಿ ಮುಚ್ಚಿದಳು. ಕಣ್ಣಲ್ಲಿ ನೀರು ತುಂಬಿತ್ತು, ಆದರೆ ಇವತ್ತು ಅಳಬಾರದೆಂದು ಅವಳಿಗೂ ಗೊತ್ತಿತ್ತು. ಒಂದು ಹನಿಯೂ ಬೀಳದ ಹಾಗೆ ಕಣ್ಣು ಅಗಲಿಸಿಕೊಂಡು, ಒಂದೊಂದೇ ಮಾತನ್ನು ಕಿತ್ತು ಕಿತ್ತು ಆಡಿದಳು.

"ಅಜ್ಜಿ. ಇವತ್ತು ನೀನು ತಿನ್ನಿಸಿದ್ರೆ, ವರ್ಷ ಎಲ್ಲಾ ನೀನೇ ತಿನ್ನಿಸ್ತೀಯ. ಬೇಡ ಅಜ್ಜಿ."

ಅತ್ತೆಯ ಕೈ ತುತ್ತು ಹಿಡಿದುಕೊಂಡೇ ನಿಂತಿತು. ಸಾರು ಬೆರಳಿನಿಂದ ಮೊಣಕೈಗೆ ಇಳಿಯಿತು. ಒಂದು ಕ್ಷಣದ ಹಿಂದೆ ಅವರನ್ನು ಹುರಿದು ಮುಕ್ಕಬೇಕೆಂದಿದ್ದ ನನಗೆ ಆಗ ಅವರನ್ನು ನೋಡಿ ಸಂಕಟವಾಯಿತು. ಒಂಬತ್ತು ವರ್ಷ ಆ ಕೈಗೆ ಬೇರೆ ಕೆಲಸವೇ ಇರಲಿಲ್ಲ. ಅದರ ತುತ್ತನ್ನು ಯಾರೂ ಬೇಡವೆಂದಿರಲಿಲ್ಲ, ಬಾಗಿಲಿಗೆ ಬಂದ ನಾಯಿಯೂ ಸಹ.

ಅತ್ತೆ ತುತ್ತನ್ನು ತಟ್ಟೆಗೆ ಮರಳಿ ಹಾಕಿದರು. ಸೆರಗಿಗೆ ಕೈ ಒರೆಸಿಕೊಂಡು ಮುಷ್ಟಿಯ ಬೆಲ್ಟು ಬಿಚ್ಚಿದರು. ಬೆರಳುಗಳನ್ನು ಒಂದೊಂದಾಗಿ ನೀವಿ ಸಡಿಲಿಸಿ ಆ ಕೈಯನ್ನು ಅವಳ ತೊಡೆಯ ಮೇಲೆ ಇಟ್ಟರು. ಆಮೇಲೆ ಎದ್ದು ಅಣ್ಣನ ಎಲೆಯ ಮುಂದೆಯೇ ಹಾದು ನಡುಮನೆಯ ಬಾಗಿಲಿಗೆ ಹೋದರು. ಚಮಚದ ಕತ್ತನ್ನು ಬಾಗಿಲ ಸಂದಿಯಲ್ಲಿ ಸಿಕ್ಕಿಸಿ, ಎರಡೂ ಕೈಯಿಂದ ಒತ್ತಿ, ಎಡಕ್ಕೆ ಹೇಗೆ ಬೇಕೋ ಹಾಗೆ ತಿರುಗಿಸಿದರು. ಮರ ಕಿರ್ರೆಂದಿತು. ಇಡೀ ಸಾಲು ಅವರನ್ನೇ ನೋಡುತ್ತಿತ್ತು. ವಾಪಸ್ ಬಂದು ಎಡಗೈಗೆ ಕಟ್ಟಿದರು.

ಯಾಮಿನಿ ಮೊಣಕೈ ಊರಿದಳು. ಚಮಚ ಸಾರಿಗೆ ಇಳಿಯಿತು, ಮುದ್ದೆಗೆ ಹೋಯಿತು, ತಟ್ಟೆಯ ಅಂಚಿಗೆ ಒರಗಿ ಒಂದು ಚೂರು ಎತ್ತಿಕೊಂಡಿತು. ಗಾಳಿಯಲ್ಲಿ ಸ್ವಲ್ಪ ಓಲಾಡಿತು. ಗಲ್ಲ ಮುಟ್ಟಿತು. ಬಾಯಿಗೆ ಹೋಯಿತು. ಅವಳು ನುಂಗಿ, ಸಾಲಿನ ಕೊನೆಯಿಂದ ಆ ತುದಿಯವರೆಗೆ ಎಲ್ಲರನ್ನೂ ಒಮ್ಮೆ ನೋಡಿದಳು. ಮೋಹನ್‌ಬಾಬು ಖಾರ ನೆತ್ತಿಗೇರಿತೆಂದು ನೀರು ಕುಡಿಯತೊಡಗಿದರು. ಖಾರ ಅಷ್ಟೇನೂ ಇರಲಿಲ್ಲ, ಸಾರು ಮಾಡಿದವಳು ನಾನೇ.

ನರಸಿಂಹಪ್ಪ ಮಾವ ಗಂಟಲು ಸರಿಮಾಡಿಕೊಂಡರು. ಹೊಸತೊಡಕಾದ್ದರಿಂದ ಅವರ ಮಾತಿಗೂ ಬೆಲ್ಲ ಸವರಿತ್ತು. "ಅಶ್ವತ್ಥೂ, ಅದು ಎಡಗೈ ಅಲ್ವೇನಮ್ಮ? ವರ್ಷದ ಮೊದಲನೇ ದಿನಗಳು... ನಾಲ್ಕು ಜನ ಕೂತಿರೋ ಸಾಲು..."

"ಹೂಂ ಅಣ್ಣ, ಎಡಗೈಯೇ" ಎಂದರು ಅತ್ತೆ. ದನಿ ತಗ್ಗಲಿಲ್ಲ. ಮುಂದೆ ಅವರು ವಾದ ಮಾಡಲಿಲ್ಲ. ಯಾಮಿನಿಯ ಎದುರಿಗೆ ಹೋಗಿ ಮಂಡಿಯೂರಿ ಕೂತರು. "ಯಾಮಿನಮ್ಮ, ನಂಗೊಂದು ತುತ್ತು ಹಾಕೇ."

ನನಗೆ ನನ್ನ ಕಿವಿಯನ್ನೇ ನಂಬಲಾಗಲಿಲ್ಲ. ಹೆತ್ತ ಮಗ ಕಚ್ಚಿಟ್ಟ ಸೀಬೆಹಣ್ಣನ್ನೂ ಎಂಜಲೆಂದು ದೂರ ಇಡುವ ಹೆಂಗಸು ಇವರು.

ಯಾಮಿನಿ ಚಮಚ ತುಂಬಿಕೊಂಡು ಅಜ್ಜಿಯ ಕಡೆಗೆ ಚಾಚಲು ನೋಡಿದಳು. ಚಮಚ ಒಪ್ಪಲಿಲ್ಲ. ಅದು ಬಗ್ಗಿದ್ದೇ ಅವಳ ಬಾಯಿಗೆ, ಬೇರೆಯವರ ಬಾಯಿಯ ದಾರಿ ಅದಕ್ಕೆ ಗೊತ್ತಿರಲಿಲ್ಲ. ಕೈ ಎತ್ತಿದಳು, ಅದು ಅವಳ ತುಟಿಗೇ ಬಂತು. ಮತ್ತೆ ಎತ್ತಿದಳು, ಅಲ್ಲಿಗೇ ಬಂತು. ಸಾಲಿನಲ್ಲಿ ಯಾರೋ ನಕ್ಕರು, ಅವಳೂ ನಕ್ಕಳು.

ಅತ್ತೆ ಎದ್ದು ಡೆಸ್ಕು ಸುತ್ತಿಕೊಂಡು ಬಂದರು. ಮರದ ಸೀಟಿನ ಪಕ್ಕ ನೆಲಕ್ಕೆ ಕೂತು, ಮೊಮ್ಮಗಳ ಕೆನ್ನೆಗೆ ಕೆನ್ನೆ ಒತ್ತಿ, ಅವಳ ಬಾಯಿ ಇರುವಲ್ಲಿಗೇ ತಮ್ಮ ಬಾಯಿ ತಂದಿಟ್ಟರು. ಯಾಮಿನಿ ತಲೆಯನ್ನು ಒಂಚೂರು ಸರಿಸಿ ಅಜ್ಜಿಗೆ ಜಾಗ ಮಾಡಿಕೊಟ್ಟಳು. ಎಡಗೈ ಮೇಲಕ್ಕೆ ಬರತೊಡಗಿತು, ಓಲಾಡುತ್ತ, ಸಾರು ಇಬ್ಬರ ಮೇಲೂ ಚೆಲ್ಲುತ್ತ.

"ಬಾಯಿ ತೆಗಿಯೇ, ನನ್ ತಲ್ಲಿ" ಎಂದಳು ಯಾಮಿನಿ.

ಅತ್ತೆ ಬಾಯಿ ತೆಗೆದರು.